ಪದ ಗೊತ್ತಿದ್ದೂ ತಪ್ಪುವುದು ಯಾಕೆ? ಸಂದರ್ಭದ ಸುಳಿವು ಹಿಡಿದು ದೋಷ ಪತ್ತೆ ಮಾಡುವ ಬಗೆ

ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಮುಂದಿದೆ. ನಾಲ್ಕು ಪದ ಕೊಟ್ಟಿದ್ದಾರೆ. ನಾಲ್ಕೂ ಹಿಂದೆ ಕೇಳಿದ ಪದಗಳೇ. ಒಂದನ್ನು ಆರಿಸಿ ಬರೆದಿರಿ, ತಪ್ಪಾಯಿತು. ಆಗ ಹೆಚ್ಚಿನವರ ಬಾಯಲ್ಲಿ ಬರುವ ಮಾತು ಒಂದೇ: "ನನಗೆ ಜಾಸ್ತಿ ಪದ ಗೊತ್ತಿಲ್ಲ." ಇನ್ನಷ್ಟು ಪದ ಬಾಯಿಪಾಠ ಮಾಡಲು ಕೂರುತ್ತಾರೆ. ಮುಂದಿನ ಸಲವೂ ಅದೇ ಜಾಗದಲ್ಲಿ ಎಡವುತ್ತಾರೆ.

ನಾನು ಬಹಳ ವರ್ಷಗಳಿಂದ ಮಕ್ಕಳಿಗೂ ದೊಡ್ಡವರಿಗೂ ಕನ್ನಡ ಓದಿಸುತ್ತಾ, ಅವರು ಬರೆದದ್ದನ್ನು ತಿದ್ದುತ್ತಾ ಬಂದಿದ್ದೇನೆ. ನಾನು ಕಂಡ ಹಾಗೆ, ಪದ ಗೊತ್ತಿಲ್ಲದೆ ಆಗುವ ತಪ್ಪು ಕಡಿಮೆ. ವಾಕ್ಯವನ್ನು ಕೊನೆಯವರೆಗೆ ಓದದೆ ಆಗುವ ತಪ್ಪೇ ಜಾಸ್ತಿ. ಖಾಲಿ ಜಾಗವನ್ನೇ ದಿಟ್ಟಿಸುತ್ತಾ ಕೂತರೆ ಅದು ಏನೂ ಹೇಳುವುದಿಲ್ಲ. ಹೇಳುವುದು ಅದರ ಅಕ್ಕಪಕ್ಕದ ಮಾತು. ಕನ್ನಡದಲ್ಲಂತೂ ಬಹಳ ಸಲ ಅದರ ಮುಂದೆ ಬರುವ ಮಾತು.

ಹಾಗಾಗಿ ಇಲ್ಲಿ ಪದಗಳ ಪಟ್ಟಿ ಸಿಗುವುದಿಲ್ಲ. ತಪ್ಪು ಎಲ್ಲಿ ಹುಟ್ಟಿತು ಎಂದು ಹುಡುಕುವ ದಾರಿ ಸಿಗುತ್ತದೆ. ನಿಮ್ಮ ಬಳಿ ತಪ್ಪಾದ ಉತ್ತರ ಒಂದಿದ್ದರೆ ಅದನ್ನು ಎದುರಿಗೆ ಇಟ್ಟುಕೊಂಡೇ ಓದಿ.

ಮೊದಲ ಪರೀಕ್ಷೆ: ಉತ್ತರಗಳನ್ನು ಮುಚ್ಚಿ

ಕೊಟ್ಟಿರುವ ನಾಲ್ಕು ಪದಗಳ ಮೇಲೆ ಕೈ ಇಡಿ. ವಾಕ್ಯವನ್ನು ಗಟ್ಟಿಯಾಗಿ ಓದಿ. ಖಾಲಿ ಜಾಗ ಬಂದಾಗ ನಿಲ್ಲಬೇಡಿ, "ಏನೋ" ಎಂದು ಹೇಳಿ ಮುಂದೆ ಹೋಗಿ. ಪೂರ್ಣವಿರಾಮ ಮುಟ್ಟಿದ ಮೇಲೆ ಆ "ಏನೋ" ಇದ್ದ ಜಾಗಕ್ಕೆ ನಿಮ್ಮದೇ ಒಂದು ಪದ ಹಾಕಿ. ಅದು ತೀರಾ ಸಾದಾ ಪದವಾದರೂ ಪರವಾಗಿಲ್ಲ. "ಖುಷಿ", "ಕೆಟ್ಟ", "ನಿಲ್ಲಿಸು" ಅಂತ ಬಂದರೂ ಸಾಕು.

ಇಲ್ಲಿ ದಾರಿ ಎರಡಾಗುತ್ತದೆ. ನಿಮ್ಮ ಪದ ಸಲೀಸಾಗಿ ಬಂತು, ಆದರೆ ಆಮೇಲೆ ಪಟ್ಟಿಯಿಂದ ತಪ್ಪು ಪದ ಆರಿಸಿದಿರಿ ಎಂದರೆ, ನೀವು ವಾಕ್ಯವನ್ನು ಸರಿಯಾಗಿಯೇ ಹಿಡಿದಿದ್ದೀರಿ. ದೋಷ ಪದಗಳ ನಡುವಿನ ಸಣ್ಣ ವ್ಯತ್ಯಾಸದಲ್ಲಿದೆ. ನಿಮ್ಮದೇ ಪದ ಯಾವುದೂ ಬರಲಿಲ್ಲ ಎಂದರೆ ದೋಷ ವಾಕ್ಯ ಓದುವುದರಲ್ಲಿದೆ. ಆಗ ನಾಲ್ಕು ಪದಗಳ ಅರ್ಥ ಎಷ್ಟು ಚೆನ್ನಾಗಿ ಗೊತ್ತಿದ್ದರೂ ಪ್ರಯೋಜನ ಇಲ್ಲ.

ಈ ಒಂದು ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ಎರಡು ದೋಷಗಳಿಗೂ ಮದ್ದು ಬೇರೆ ಬೇರೆ. ಓದುವುದರಲ್ಲಿ ತೊಂದರೆ ಇದ್ದವರು ನಿಘಂಟು ಹಿಡಿದು ಕೂತು ದಣಿಯುವುದನ್ನು ನಾನು ಬಹಳ ನೋಡಿದ್ದೇನೆ.

ಮೊದಲು ಓದುವುದರ ದೋಷಗಳನ್ನು ನೋಡೋಣ. ಜಾಸ್ತಿ ಹೊತ್ತು ಅಲ್ಲೇ ಬೇಕು.

ಲಕ್ಷಣ: ಖಾಲಿ ಜಾಗ ಬಂದ ಕೂಡಲೇ ಉತ್ತರ ಹೊಳೆಯುತ್ತದೆ

ಹೊಳೆಯುವುದೇ ಇಲ್ಲಿ ತೊಂದರೆ. ಈ ವಾಕ್ಯ ನೋಡಿ:

"ಮೂರು ದಿನದಿಂದ ಸುರಿಯುತ್ತಿದ್ದ ಮಳೆ ಇಂದು ಬೆಳಿಗ್ಗೆ ______, ಮೋಡಗಳ ನಡುವೆ ಬಿಸಿಲು ಇಣುಕಿತು."

ಕೊಟ್ಟ ಪದಗಳು: ಹೆಚ್ಚಾಗಿ, ನಿಂತು, ಶುರುವಾಗಿ, ಬಿರುಸಾಗಿ. ಖಾಲಿ ಜಾಗದ ತನಕ ಮಾತ್ರ ಓದಿದರೆ "ಹೆಚ್ಚಾಗಿ" ಕೂಡ ಆಗುತ್ತದೆ, "ಬಿರುಸಾಗಿ" ಕೂಡ ಆಗುತ್ತದೆ. ಮೂರು ದಿನದಿಂದ ಸುರಿಯುತ್ತಿದೆ ಎಂದ ಮೇಲೆ ಇನ್ನೂ ಜೋರಾಗಿರಬೇಕು ಎಂದು ಮನಸ್ಸು ಊಹಿಸುತ್ತದೆ. "ಬಿಸಿಲು ಇಣುಕಿತು" ಎಂಬುದನ್ನು ಓದಿದ ಮೇಲೆ ಮಾತ್ರ "ನಿಂತು" ಬಿಟ್ಟು ಬೇರೆ ಯಾವುದೂ ಕೂರುವುದಿಲ್ಲ.

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಯಾರು, ಏನನ್ನು, ಎಲ್ಲಿ, ಯಾವಾಗ ಎಲ್ಲ ಮುಗಿದ ಮೇಲೆ ಏನಾಯಿತು ಎಂಬುದು ತಿಳಿಯುತ್ತದೆ. ಆಯಿತೋ ಆಗಲಿಲ್ಲವೋ ಎಂಬುದೂ ಆಗಲೇ ತಿಳಿಯುತ್ತದೆ. ಅಂದರೆ ವಾಕ್ಯದ ನಡುವೆ ನಿಂತವರ ಕೈಯಲ್ಲಿ ಅರ್ಧ ಸುಳಿವು ಮಾತ್ರ ಇರುತ್ತದೆ, ಅದೂ ಹಗುರವಾದ ಅರ್ಧ.

ಇದರಲ್ಲಿ ಎಲ್ಲರನ್ನೂ ಎಡವಿಸುವುದು ಕೊನೆಯ "ಅಲ್ಲ" ಮತ್ತು "ಇಲ್ಲ". ಒಂದು ಸಲ ಈ ವಾಕ್ಯ ಕೊಟ್ಟಿದ್ದೆ:

"ಅವನು ______ ಮನುಷ್ಯನೇನೂ ಅಲ್ಲ, ಕೇಳಿದವರಿಗೆಲ್ಲ ಕೈಯೆತ್ತಿ ಕೊಡುತ್ತಾನೆ."

ಆಯ್ಕೆಗಳಲ್ಲಿ "ಉದಾರಿ", "ಜಿಪುಣ" ಎರಡೂ ಇದ್ದವು. ಒಬ್ಬ ಹುಡುಗ "ಉದಾರಿ" ಎಂದು ಬರೆದು ತಂದ.

"ಇದನ್ನೇ ಯಾಕೆ ಆರಿಸಿದೆ?" ಎಂದು ಕೇಳಿದೆ.

"ಮಿಸ್, ಕೈಯೆತ್ತಿ ಕೊಡ್ತಾನೆ ಅಂತ ಇದೆಯಲ್ಲ. ಅದಕ್ಕೆ."

ಅವನು ಸುಳಿವನ್ನು ಹಿಡಿದಿದ್ದ. ಸರಿಯಾದ ಸುಳಿವನ್ನೇ ಹಿಡಿದಿದ್ದ. "ಸರಿ ಪುಟ್ಟ, ನೀನು ಬರೆದ ಪದ ಸೇರಿಸಿ ಒಂದು ಸಲ ಪೂರ್ತಿ ಓದು" ಎಂದೆ. ಓದಲು ಶುರು ಮಾಡಿದ. "ಅವನು ಉದಾರಿ ಮನುಷ್ಯನೇನೂ..." ಎಂಬಲ್ಲಿ ಅವನ ದನಿ ತಗ್ಗಿತು. "ಅಲ್ಲ" ಎಂಬುದನ್ನು ಬಾಯೊಳಗೇ ಹೇಳಿಕೊಂಡ. ನಾನು ಏನೂ ಹೇಳುವ ಮೊದಲೇ ರಬ್ಬರ್ ತೆಗೆದುಕೊಂಡು ಉಜ್ಜತೊಡಗಿದ. ಆಮೇಲೆ ಆ ವರ್ಷ ಪೂರ್ತಿ ಅವನು "ಅಲ್ಲ", "ಇಲ್ಲ" ಕಂಡಲ್ಲೆಲ್ಲ ಪೆನ್ಸಿಲ್‌ನಿಂದ ಸುತ್ತು ಹಾಕುತ್ತಿದ್ದ. ನಾನು ಹೇಳಿಕೊಟ್ಟದ್ದಲ್ಲ, ಅವನೇ ಕಂಡುಕೊಂಡದ್ದು. ಈಗ ಅದನ್ನು ಎಲ್ಲರಿಗೂ ಹೇಳುತ್ತೇನೆ.

ಸುತ್ತು ಹಾಕಬೇಕಾದವು ಇವು: ಇಲ್ಲ, ಅಲ್ಲ, ಬೇಡ, ಬಾರದು, ಕೂಡದು, ಆಗದು. ಇವು ಎದ್ದು ಕಾಣುತ್ತವೆ. ಅಡಗಿ ಕೂರುವವು ಬೇರೆ ಇವೆ. "ಮಾಡಿದ ಕೆಲಸ" ಮತ್ತು "ಮಾಡದ ಕೆಲಸ" ನೋಡಿ. ನಡುವೆ ಇರುವುದು ಒಂದು ಗುಡಿಸು ಅಷ್ಟೇ. ಆ ಗುಡಿಸು ಹೋದರೆ ಅರ್ಥ ಪೂರ್ತಿ ತಿರುಗಿ ನಿಲ್ಲುತ್ತದೆ. "ಕೇಳಿ ಬರೆದ", "ಕೇಳದೆ ಬರೆದ" ಎಂಬವೂ ಹೀಗೆಯೇ. ವೇಗವಾಗಿ ಓದುವವರ ಕಣ್ಣು ಈ ಜಾಗದಲ್ಲಿ ಜಾರುತ್ತದೆ.

ಮದ್ದು ಸುಲಭ. ಬಾಲದಿಂದ ಓದಿ. ಮೊದಲು ಕೊನೆಯ ಕ್ರಿಯಾಪದ ಯಾವುದು ನೋಡಿ. ಅದು ಹೌದು ಎನ್ನುತ್ತದೆಯೋ, ಇಲ್ಲ ಎನ್ನುತ್ತದೆಯೋ ನೋಡಿ. ಆಮೇಲೆ ಮೊದಲಿನಿಂದ ಬನ್ನಿ.

ಲಕ್ಷಣ: ಅರ್ಥ ಸರಿ, ಆದರೂ ವಾಕ್ಯ ಕುಂಟುತ್ತದೆ

ಎರಡು ಪದ ಹೆಚ್ಚು ಕಡಿಮೆ ಒಂದೇ ಅರ್ಥದವು. ಯಾವುದು ಬರೆದರೂ ಆದೀತು ಅನ್ನಿಸುತ್ತದೆ. ಓದಿದರೆ ಮಾತ್ರ ಎಲ್ಲೋ ತೊಡಕು. ಆಗ ಖಾಲಿ ಜಾಗಕ್ಕಿಂತ ಹಿಂದೆ ಬಂದ ಪದಗಳ ಪ್ರತ್ಯಯ ನೋಡಿ.

"ನೀರಿಗೆ ಬಿದ್ದವನನ್ನು ಜನ ______." ಕೊಟ್ಟ ಪದಗಳು: ಕಾಪಾಡಿದರು, ನೆರವಾದರು. ಎರಡರಲ್ಲೂ ಉಪಕಾರ ಇದೆ. ಆದರೆ ನೆರವಾಗುವುದು ಯಾರಿಗೆ? ಯಾರಿಗೋ. ಕಾಪಾಡುವುದು ಯಾರನ್ನು? ಯಾರನ್ನೋ. ವಾಕ್ಯದಲ್ಲಿ "ಬಿದ್ದವನನ್ನು" ಇದೆ. ಹಾಗಾಗಿ "ಕಾಪಾಡಿದರು". "ಬಿದ್ದವನಿಗೆ" ಎಂದಿದ್ದರೆ ಉತ್ತರ ಬದಲಾಗುತ್ತಿತ್ತು. "ಮೋಸ ಮಾಡು" ಮತ್ತು "ವಂಚಿಸು" ಕೂಡ ಇಂಥದೇ ಜೋಡಿ. ಗೆಳೆಯನಿಗೆ ಮೋಸ ಮಾಡುತ್ತಾರೆ, ಗೆಳೆಯನನ್ನು ವಂಚಿಸುತ್ತಾರೆ.

ಇನ್ನೊಂದು ಬಗೆ: "ಅವಳಿಗೆ ______" ಎಂದಿದ್ದರೆ "ಬೇಸರವಾಯಿತು". "ಅವಳು ______" ಎಂದಿದ್ದರೆ "ಬೇಸರಪಟ್ಟಳು". ಕನ್ನಡದಲ್ಲಿ ಹಸಿವು, ನಿದ್ದೆ, ಕೋಪ, ಇಷ್ಟ, ನೆನಪು ಎಲ್ಲ ನಮಗೆ ಬರುತ್ತವೆ, ಆಗುತ್ತವೆ, ಇರುತ್ತವೆ. ಮನಸ್ಸಿನಲ್ಲಿ ನಡೆಯುವುದನ್ನು ಹೇಳುವ ವಾಕ್ಯ ಬಂದರೆ "ಗೆ", "ಇಗೆ", "ಕೆ" ಎಲ್ಲಿದೆ ಎಂದು ಹುಡುಕಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಕ್ರಿಯಾಪದದ ತುದಿ ಕೂಡ ಸಾಕ್ಷಿ ಹೇಳುತ್ತದೆ. "ಅಂಬಿಗ ದೋಣಿಯನ್ನು ದಡಕ್ಕೆ ತಂದ" ಎಂಬ ವಾಕ್ಯದಲ್ಲಿ ನಿಮಗೆ "ಅಂಬಿಗ" ಗೊತ್ತಿಲ್ಲ ಎಂದುಕೊಳ್ಳಿ. "ತಂದ" ಎಂದಿರುವುದರಿಂದ ಅವನು ಗಂಡಸು. ತಂದದ್ದು ದೋಣಿಯನ್ನು, ದಡಕ್ಕೆ. ದೋಣಿ ನಡೆಸುವವನು ಎಂದು ನಿಘಂಟು ತೆರೆಯದೆಯೇ ಹೇಳಬಹುದು, ಅಲ್ವಾ? ಅದೇ ಜಾಗದಲ್ಲಿ "ದಡದಲ್ಲಿ ನಿಂತಿತ್ತು" ಎಂದಿದ್ದರೆ ಅದು ಪ್ರಾಣಿಯೋ, ಪಕ್ಷಿಯೋ, ವಸ್ತುವೋ ಇರಬೇಕು. ಮನುಷ್ಯರ ಹೆಸರುಗಳನ್ನು ಆಗಲೇ ಹೊಡೆದು ಹಾಕಬಹುದು.

ಎರಡು ಕಡೆ ಎಚ್ಚರ ಬೇಕು. ಮಗು ಮನುಷ್ಯರಾದರೂ "ಮಗು ಅತ್ತಿತು" ಎನ್ನುತ್ತೇವೆ. ಮತ್ತೆ, "ಬಂದರು" ಎಂದಿದ್ದರೆ ಬಂದವರು ಹಲವರೇ ಆಗಬೇಕಿಲ್ಲ. ಗೌರವಕ್ಕಾಗಿ ಒಬ್ಬರಿಗೂ ಹಾಗೆ ಹೇಳುತ್ತೇವೆ. ಇದನ್ನು ಮರೆತು "ಗುರುಗಳು" ಎಂಬುದನ್ನು ಹೊಡೆದು ಹಾಕಿ "ಜನರು" ಎಂದು ಬರೆದವರಿದ್ದಾರೆ.

ಲಕ್ಷಣ: ಉತ್ತರ ಸರಿಯಾಗಿ ಉಲ್ಟಾ ಬರುತ್ತದೆ

ಬೇಕಾದದ್ದಕ್ಕೆ ನೇರ ವಿರುದ್ಧವಾದ ಪದ ಬರೆಯುತ್ತಿದ್ದೀರಿ ಎಂದರೆ ಜೋಡಿಸುವ ಮಾತುಗಳು ಕಣ್ಣು ತಪ್ಪುತ್ತಿವೆ. ಆದರೆ, ಆದರೂ, ಬದಲಿಗೆ, ಹೊರತು ಎಂಬವು ತಿರುವು ಇದೆ ಎನ್ನುತ್ತವೆ. ಆದ್ದರಿಂದ, ಹೀಗಾಗಿ, ಏಕೆಂದರೆ ಎಂಬವು ಅದೇ ದಾರಿಯಲ್ಲಿ ಮುಂದೆ ಹೋಗು ಎನ್ನುತ್ತವೆ. ಅಂದರೆ, ಎಂದರೆ ಬಂತು ಅಂದರೆ ಮುಂದೆ ಅರ್ಥವನ್ನೇ ಹೇಳಲಿದ್ದಾರೆ. "ಮುಂತಾದ", "ಇತ್ಯಾದಿ" ಬಂದರೆ ಅದರ ಹಿಂದೆ ಉದಾಹರಣೆಗಳು ಸಾಲಾಗಿ ಇರುತ್ತವೆ. ಇಷ್ಟನ್ನು ಶಾಲೆಯಲ್ಲಿ ಎಲ್ಲರೂ ಕೇಳಿರುತ್ತಾರೆ.

ನಾನು ಹೇಳಬೇಕೆಂದಿರುವುದು ಇದಕ್ಕಿಂತ ಸಣ್ಣದರ ಬಗ್ಗೆ. ಒಂದೇ ಒಂದು ಸ್ವರ.

"ಹಗಲೂ ರಾತ್ರಿ ದುಡಿದರೆ ಕೆಲಸ ______."
"ಹಗಲೂ ರಾತ್ರಿ ದುಡಿದರೂ ಕೆಲಸ ______."

ಮೊದಲನೆಯದಕ್ಕೆ "ಮುಗಿಯುತ್ತದೆ". ಎರಡನೆಯದಕ್ಕೆ "ಮುಗಿಯಲಿಲ್ಲ". ವ್ಯತ್ಯಾಸ ಇರುವುದು "ರೆ" ಮತ್ತು "ರೂ" ನಡುವೆ. ಬಂದರೆ, ಬಂದರೂ. ಕೇಳಿದರೆ, ಕೇಳಿದರೂ. "ಊ" ಬಂದ ಕೂಡಲೇ ನಾವು ನಿರೀಕ್ಷಿಸಿದ್ದು ಆಗಲಿಲ್ಲ ಎಂಬ ಸೂಚನೆ ಸಿಗುತ್ತದೆ. "ಅವನೂ ಬಂದ" ಎಂದರೆ ಬೇರೆ ಯಾರೋ ಮೊದಲೇ ಬಂದಿದ್ದಾರೆ. "ಅವನೇ ಬಂದ" ಎಂದರೆ ಕಳಿಸಬಹುದಾಗಿದ್ದ ಬೇರೊಬ್ಬರನ್ನು ಕಳಿಸಲಿಲ್ಲ. ಪದದ ತುದಿಗೆ ಅಂಟಿದ ಇಷ್ಟು ಸಣ್ಣ ಸ್ವರಗಳಲ್ಲಿ ಒಂದು ಇಡೀ ಕಥೆ ಇರುತ್ತದೆ. ನನಗೆ ಕನ್ನಡದಲ್ಲಿ ತುಂಬಾ ಇಷ್ಟವಾದ ಗುಣಗಳಲ್ಲಿ ಇದೂ ಒಂದು.

"ಆದರೆ" ಎಂಬುದಕ್ಕೇ ಎರಡು ಮುಖ ಇದೆ. "ಮಳೆ ಆದರೆ ಕೆರೆ ತುಂಬುತ್ತದೆ" ಎಂಬಲ್ಲಿ ತಿರುವು ಇಲ್ಲ, ಷರತ್ತು ಇದೆ. "ಮಳೆ ಬಂತು, ಆದರೆ ಕೆರೆ ತುಂಬಲಿಲ್ಲ" ಎಂಬಲ್ಲಿ ತಿರುವು ಇದೆ. "ಆದರೆ ಬಂದರೆ ವಿರುದ್ಧ ಪದ ಬರೆ" ಎಂದು ಬಾಯಿಪಾಠ ಮಾಡಿದವರು ಮೊದಲನೆಯ ವಾಕ್ಯದಲ್ಲಿ ಸಿಕ್ಕಿಬೀಳುತ್ತಾರೆ.

ಲಕ್ಷಣ: ಪದ ಗೊತ್ತು, ಆದರೂ ವಾಕ್ಯ ಅರ್ಥವಾಗದು

ಈಗ ಪದಗಳ ಕಡೆಯ ದೋಷಗಳಿಗೆ ಬರೋಣ. ಮೊದಲನೆಯದು, ಒಂದು ಪದಕ್ಕೆ ನಮಗೆ ಗೊತ್ತಿರುವ ಒಂದೇ ಅರ್ಥವನ್ನು ಎಲ್ಲ ಕಡೆ ತುರುಕುವುದು.

"ಕಳೆ" ತೆಗೆದುಕೊಳ್ಳಿ. "ಹೊಲಕ್ಕೆ ಕಳೆ ಬಂತು" ಎಂದರೆ ಬೇಡದ ಗಿಡ ಬೆಳೆಯಿತು, ಕೆಟ್ಟ ಸುದ್ದಿ. "ಮುಖಕ್ಕೆ ಕಳೆ ಬಂತು" ಎಂದರೆ ಕಾಂತಿ ಬಂತು, ಒಳ್ಳೆಯ ಸುದ್ದಿ. ಎರಡು ವಾಕ್ಯದಲ್ಲೂ ಪ್ರತ್ಯಯ ಒಂದೇ, ಕ್ರಿಯಾಪದ ಒಂದೇ. ಹೊಲ ಮತ್ತು ಮುಖ ಮಾತ್ರ ಬೇರೆ. "ಹತ್ತರಲ್ಲಿ ಮೂರು ಕಳೆ" ಎಂದರೆ ಲೆಕ್ಕ. "ರಜೆಯನ್ನು ಮನೆಯಲ್ಲೇ ಕಳೆದೆ" ಎಂದರೆ ಸಮಯ ಸವೆಸಿದ್ದು. "ಉಂಗುರ ಕಳೆದುಹೋಯಿತು" ಎಂದರೆ ಹುಡುಕಬೇಕು.

"ನೆರೆ" ಕೂಡ ಹೀಗೆಯೇ. ನೆರೆ ಬಂದು ಸೇತುವೆ ಮುಳುಗುತ್ತದೆ. ನೆರೆಯವರು ಕಷ್ಟಕ್ಕೆ ಆಗುತ್ತಾರೆ. ಮೈದಾನದಲ್ಲಿ ಜನ ನೆರೆಯುತ್ತಾರೆ. "ಕಲೆ" ಗೋಡೆಯ ಮೇಲೆ ಚಿತ್ರವಾಗಿಯೂ ಇರಬಹುದು, ಕೊಳೆಯಾಗಿಯೂ ಇರಬಹುದು. "ಆರಿಸು" ಎಂದರೆ ಹಲವರಲ್ಲಿ ಒಬ್ಬರನ್ನು ಆಯ್ದುಕೊಳ್ಳುವುದು. ದೀಪ ಆರಿಸು ಎಂದರೆ ನಂದಿಸುವುದು.

ಪರೀಕ್ಷೆ ಹೀಗೆ ಮಾಡಿ. ನಿಮಗೆ ಗೊತ್ತಿರುವ ಅರ್ಥವನ್ನು ಪದದ ಜಾಗಕ್ಕೆ ಹಾಕಿ ವಾಕ್ಯ ಓದಿ. "ಮೈದಾನದಲ್ಲಿ ಜನ ಪ್ರವಾಹವಾಗಿದ್ದರು" ಎಂದು ಬಂದರೆ ಏನೋ ತಪ್ಪಿದೆ. ಆಗ ಆ ಅರ್ಥವನ್ನು ಕೈಬಿಡಿ. ಪದವನ್ನೇ ಗೊತ್ತಿಲ್ಲದ ಪದ ಎಂದುಕೊಂಡು ಹೊಸದಾಗಿ ಓದಿ. ಗೊತ್ತಿರುವ ಪದವನ್ನು ಗೊತ್ತಿಲ್ಲ ಎಂದುಕೊಳ್ಳುವುದು ಸ್ವಲ್ಪ ಕಷ್ಟ. ಅಭ್ಯಾಸವಾದ ಮೇಲೆ ಬಹಳ ಉಪಯೋಗಕ್ಕೆ ಬರುತ್ತದೆ.

ಒಂದೇ ಥರ ಕೇಳಿಸುವ ಪದಗಳ ತೊಂದರೆ ಬೇರೆ. ಬೆಲೆ, ಬೆಳೆ, ಬೇಳೆ. ಗೃಹ, ಗ್ರಹ. ಅಪಾಯ, ಉಪಾಯ. ಅನುಮಾನ, ಅವಮಾನ. ಪರಿಣಾಮ, ಪರಿಮಾಣ. ಇದಕ್ಕೆ ದೊಡ್ಡ ವಿವರಣೆ ಬೇಡ. ವೇಗ ಇಳಿಸಿ, ಅಕ್ಷರ ಅಕ್ಷರ ಓದಿ, ಸಾಕು.

ಲಕ್ಷಣ: ಅರ್ಥ ಹತ್ತಿರದ್ದೇ, ಆದರೆ "ಹಾಗೆ ಹೇಳುವುದಿಲ್ಲ" ಎನ್ನುತ್ತಾರೆ

ಪದಗಳಿಗೂ ಜೊತೆಗಾರರಿದ್ದಾರೆ. ಬಟ್ಟೆಯನ್ನು ಒಗೆಯುತ್ತೇವೆ, ಕೈಯನ್ನು ತೊಳೆಯುತ್ತೇವೆ, ಮೇಜನ್ನು ಒರೆಸುತ್ತೇವೆ. ಮೂರರಲ್ಲೂ ಕೊಳೆ ಹೋಗುತ್ತದೆ. ಆದರೂ ಕೈ ಒಗೆಯುವವರು ಯಾರೂ ಇಲ್ಲ.

ಇಂಗ್ಲಿಷಿನಲ್ಲಿ ಮೊದಲು ಯೋಚಿಸಿ ಆಮೇಲೆ ಕನ್ನಡಕ್ಕೆ ಬರುವವರಿಗೆ ಈ ದೋಷ ಜಾಸ್ತಿ. "ಬ್ರೇಕ್" ಎಂಬ ಒಂದೇ ಪದ ತಲೆಯಲ್ಲಿದೆ. ಕನ್ನಡದಲ್ಲಿ ಏನು ತುಂಡಾಯಿತು ಎಂಬುದರ ಮೇಲೆ ಪದ ನಿಲ್ಲುತ್ತದೆ. ಗಾಜು ಒಡೆಯುತ್ತದೆ. ಕೋಲು ಮುರಿಯುತ್ತದೆ. ಕಾಗದ ಹರಿಯುತ್ತದೆ. ಚೂರು ಚೂರಾಗುವ ವಸ್ತುವಾದರೆ ಒಡೆ. ಉದ್ದಕ್ಕಿರುವುದು ಎರಡಾದರೆ ಮುರಿ. ತೆಳ್ಳಗೆ ಮೆತ್ತಗೆ ಇರುವುದಾದರೆ ಹರಿ. ಕೈಯಲ್ಲಿ ಹಿಡಿಯಲಾಗದ ವಿಷಯಗಳಿಗೂ ಹೀಗೆ ಒಂದೊಂದು ಜೊತೆ ಇದೆ. ಸಂಬಂಧ ಮುರಿಯುತ್ತದೆ, ತಾಳ್ಮೆಯ ಕಟ್ಟೆ ಒಡೆಯುತ್ತದೆ, ಕೊಟ್ಟ ಮಾತು ತಪ್ಪುತ್ತದೆ.

ಇಲ್ಲಿ ಸುಳಿವು ಪಕ್ಕದ ನಾಮಪದದಲ್ಲಿದೆ. "ಜೋರಾಗಿ ಎಳೆದಾಗ ಚೀಲ ______" ಎಂದರೆ ಚೀಲವನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದು ಬಟ್ಟೆಯದೋ, ಕಾಗದದ್ದೋ. ಎಳೆದರೆ ಏನಾಗುತ್ತದೆ? ಹರಿಯುತ್ತದೆ. ಚಿತ್ರ ಕಂಡರೆ ಪದ ತಾನಾಗಿ ಬರುತ್ತದೆ. ಇದಕ್ಕೆ ನಿಯಮ ಹುಡುಕುತ್ತಾ ಕೂರುವುದಕ್ಕಿಂತ ಹೀಗೆ ನೋಡುವುದು ಒಳ್ಳೆಯದು.

ಲಕ್ಷಣ: ಹೊಗಳಿದ್ದು ಬೈದ ಹಾಗೆ ಆಗುತ್ತದೆ

"ಎಷ್ಟೇ ಕಷ್ಟ ಬಂದರೂ ಅವಳು ______ ಬಿಡದೆ ಓದು ಮುಗಿಸಿ ಎಲ್ಲರ ಮೆಚ್ಚುಗೆ ಗಳಿಸಿದಳು." ಹಠ, ಛಲ ಎರಡೂ ಇವೆ. ಹಿಡಿದದ್ದನ್ನು ಬಿಡದ ಗುಣ ಎರಡರಲ್ಲೂ ಇದೆ. ಆದರೆ ಹೆಚ್ಚಾಗಿ ಹಠ ಎಂದಾಗ ಹೇಳುವವರಿಗೆ ಕಿರಿಕಿರಿಯಾಗಿದೆ. ಛಲ ಎಂದಾಗ ಮೆಚ್ಚಿಕೊಂಡಿದ್ದಾರೆ. ವಾಕ್ಯದ ಕೊನೆಯಲ್ಲಿ "ಮೆಚ್ಚುಗೆ" ಇದೆ. ಹಾಗಾಗಿ ಛಲ. ಮಿತವಾಗಿ ಖರ್ಚು ಮಾಡುವವರನ್ನು ಮೆಚ್ಚಿದರೆ "ಮಿತವ್ಯಯಿ", ಮೆಚ್ಚದಿದ್ದರೆ "ಜಿಪುಣ". ಹೆಸರು ಎಲ್ಲರಿಗೂ ಗೊತ್ತಿರುವುದು ಪ್ರಖ್ಯಾತರಿಗೂ ಕುಖ್ಯಾತರಿಗೂ ಒಂದೇ. ಯಾಕೆ ಗೊತ್ತು ಎಂಬುದು ಬೇರೆ.

ಪರೀಕ್ಷೆಗೆ ಒಂದು ಪ್ರಶ್ನೆ ಸಾಕು. ಬರೆದವರ ಮುಖದಲ್ಲಿ ಆಗ ನಗು ಇತ್ತೋ, ಗಂಟು ಇತ್ತೋ?

ಗೌರವದ ಮಟ್ಟವೂ ಇದರ ಜೊತೆಗೇ ಬರುತ್ತದೆ. ಹತ್ತಿರದವರ ಬಗ್ಗೆ ಮೃದುವಾಗಿ ಹೇಳುವಾಗ "ತೀರಿಕೊಂಡರು". ಸುದ್ದಿಯಲ್ಲಿ "ನಿಧನರಾದರು". ಗಿಡ, ಸೊಳ್ಳೆಗಳಿಗೆ "ಸತ್ತಿತು". ಸುತ್ತಲಿನ ವಾಕ್ಯಗಳು "ಅವರು", "ಹೇಳಿದರು" ಎಂದು ಸಾಗುತ್ತಿದ್ದರೆ ಖಾಲಿ ಜಾಗದ ಪದವೂ ಅದೇ ಮಟ್ಟದಲ್ಲಿ ಇರಬೇಕು.

ಲಕ್ಷಣ: ಪದವನ್ನು ಬಿಡಿಸಿ ನೋಡಿದಿರಿ, ಆದರೂ ತಪ್ಪಿತು

ಪದ ಬಿಡಿಸಿ ಅರ್ಥ ಮಾಡಿಕೊಳ್ಳುವುದು ಒಳ್ಳೆಯ ಉಪಾಯ. ಆದರೆ ಎಲ್ಲಿ ಬಿಡಿಸಬೇಕು ಎಂಬುದು ಗೊತ್ತಿರಬೇಕು. "ಅನುಚರ" ಎಂಬುದು ಅನು ಮತ್ತು ಚರ. ಹಿಂದೆ ಹಿಂದೆ ಬರುವವನು. ಅದೇ ಲೆಕ್ಕದಲ್ಲಿ "ಅನುಚಿತ" ಎಂಬುದನ್ನು ಅನು ಮತ್ತು ಚಿತ ಎಂದು ಬಿಡಿಸಿದರೆ ದಾರಿ ತಪ್ಪಿತು. ಅದು ಅನ್ ಮತ್ತು ಉಚಿತ. ಅಂದರೆ ಸರಿಯಲ್ಲದ್ದು. "ಅನುಪಮ" ಕೂಡ ಅನ್ ಮತ್ತು ಉಪಮ, ಹೋಲಿಕೆಯೇ ಇಲ್ಲದ್ದು.

"ಅಮೂಲ್ಯ" ಇನ್ನೂ ಮೋಸದ್ದು. ಅ ಎಂದರೆ ಇಲ್ಲ, ಮೂಲ್ಯ ಎಂದರೆ ಬೆಲೆ. ಬಿಡಿಸಿದ್ದು ಸರಿಯಾಗಿಯೇ ಇದೆ. "ಬೆಲೆ ಇಲ್ಲದ್ದು" ಎಂದು ಬರೆದರೆ ಮಾತ್ರ ತಪ್ಪು. ಬೆಲೆ ಕಟ್ಟಲು ಆಗದಷ್ಟು ದೊಡ್ಡದು ಎಂದು ಅದರ ಅರ್ಥ. "ಅವರ ಅಮೂಲ್ಯ ಸಲಹೆಯಿಂದ ಕೆಲಸ ಸುಲಭವಾಯಿತು" ಎಂಬ ವಾಕ್ಯವನ್ನು ಪೂರ್ತಿ ಓದಿದವರಿಗೆ ಈ ತಪ್ಪು ಆಗುವುದಿಲ್ಲ. ಬಿಡಿಸಿ ಸಿಕ್ಕ ಅರ್ಥ ಊಹೆ ಮಾತ್ರ. ಅದನ್ನು ವಾಕ್ಯದ ಮುಂದೆ ಹಿಡಿದು ನೋಡಲೇಬೇಕು.

ಹಿಂದಿ ಬಲ್ಲವರಿಗೆ ಒಂದು ಮಾತು. "ಶಿಕ್ಷೆ" ಕನ್ನಡದಲ್ಲಿ ದಂಡನೆ, ಹಿಂದಿಯ "ಶಿಕ್ಷಾ" ವಿದ್ಯೆ. "ಉಪನ್ಯಾಸ" ಇಲ್ಲಿ ಭಾಷಣ, ಅಲ್ಲಿ ಕಾದಂಬರಿ. "ಅವಸರ" ಇಲ್ಲಿ ಗಡಿಬಿಡಿ, ಅಲ್ಲಿ ಅವಕಾಶ. ಪರಿಚಯದ ಮುಖ ಕಂಡ ಕೂಡಲೇ ಅದೇ ವ್ಯಕ್ತಿ ಎಂದು ನಂಬಬೇಡಿ.

ಎಲ್ಲ ಮಾಡಿದರೂ ಅರ್ಥವಾಗದಿದ್ದರೆ

ಆಗ ದೋಷ ನಿಮ್ಮಲ್ಲಿ ಇಲ್ಲದೆಯೂ ಇರಬಹುದು. ಪದ ಅಳಿಸಿ ತುಂಬಿಸುವ ಈ ಬಗೆಯ ಪರೀಕ್ಷೆಯನ್ನು ವಿಲ್ಸನ್ ಟೇಲರ್ 1953ರಲ್ಲಿ ಮುಂದಿಟ್ಟಾಗ ಅವರು ಅಳೆಯಲು ಹೊರಟದ್ದು ಬರಹವನ್ನು. ಓದುವವರು ಎಷ್ಟು ಪದ ಸರಿಯಾಗಿ ತುಂಬುತ್ತಾರೆ ಎಂಬುದರ ಮೇಲೆ ಆ ಬರಹ ಎಷ್ಟು ಸುಲಭ ಎಂದು ಹೇಳುವುದು ಅವರ ಉದ್ದೇಶವಾಗಿತ್ತು. ತಪ್ಪು ಉತ್ತರ ಕಂಡಾಗ ಮಕ್ಕಳನ್ನೇ ಅನುಮಾನಿಸುವ ನಾವು ಇದನ್ನು ನೆನಪಿಡಬೇಕು ಎಂದು ನನ್ನ ಬಲವಾದ ಅಭಿಪ್ರಾಯ.

ಗೊತ್ತಿಲ್ಲದ ಪದ ಒಂದಿದ್ದರೆ ಸುತ್ತಲಿನ ಪದಗಳು ಕೈ ಹಿಡಿಯುತ್ತವೆ. ಸುತ್ತಲಿನವೂ ಗೊತ್ತಿಲ್ಲದಿದ್ದರೆ ಹಿಡಿಯಲು ಏನೂ ಇಲ್ಲ. ಮಾರ್ಸೆಲ್ಲಾ ಹು ಮತ್ತು ಪಾಲ್ ನೇಶನ್ 2000ರಲ್ಲಿ ಪ್ರಕಟಿಸಿದ ಅಧ್ಯಯನ ಇಂಗ್ಲಿಷ್ ಕಲಿಯುವವರ ಬಗ್ಗೆ. ಯಾರ ನೆರವೂ ಇಲ್ಲದೆ ಒಂದು ಕಥೆಯನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಲು 100ಕ್ಕೆ ಸುಮಾರು 98 ಪದ ಗೊತ್ತಿರಬೇಕು ಎಂದು ಅದರಲ್ಲಿ ಕಂಡುಬಂತು. ಅಂದರೆ 50 ಪದಕ್ಕೆ ಒಂದು ಹೊಸ ಪದ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಎಣಿಕೆ ಬೇರೆ ಆಗುತ್ತದೆ. ಆದರೂ ಅಂದಾಜಿಗೆ ಇದು ಸಾಕು. ಒಂದೇ ಸಾಲಿನಲ್ಲಿ ಮೂರು ನಾಲ್ಕು ಪದ ಗೊತ್ತಿಲ್ಲ ಎಂದರೆ ಊಹಿಸುವ ಶ್ರಮ ಬಿಡಿ. ಸುಲಭದ ಬರಹ ತೆಗೆದುಕೊಳ್ಳಿ, ಅಥವಾ ನಿಘಂಟು ತೆರೆಯಿರಿ.

ವಾಕ್ಯಗಳೂ ಎಲ್ಲ ಒಂದೇ ಥರ ಇರುವುದಿಲ್ಲ. ಇಸಾಬೆಲ್ ಬೆಕ್ ಮತ್ತು ಅವರ ಜೊತೆಗಾರರು 1983ರಲ್ಲಿ ಸಂದರ್ಭಗಳನ್ನು ನಾಲ್ಕು ಬಗೆ ಮಾಡಿದರು. ನೇರವಾಗಿ ಅರ್ಥದ ಕಡೆ ಕರೆದೊಯ್ಯುವವು, ಸುಮಾರಾಗಿ ದಿಕ್ಕು ತೋರಿಸುವವು, ಏನೂ ತೋರಿಸದವು, ದಾರಿ ತಪ್ಪಿಸುವವು. ಕೊನೆಯ ಬಗೆಗೆ ಕನ್ನಡದ ಒಂದು ಉದಾಹರಣೆ ನೋಡಿ: "ಎಲ್ಲರೂ ನಗುತ್ತಾ ಮಾತಾಡುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ಅವಳ ಮುಖ ಮ್ಲಾನವಾಗಿತ್ತು." ನಗು, ಮಾತು ಓದಿದವರು ಮ್ಲಾನ ಎಂದರೆ ಖುಷಿ ಎಂದುಕೊಳ್ಳುತ್ತಾರೆ. ಅದರ ಅರ್ಥ ಬಾಡಿದ್ದು, ಕಳೆಗುಂದಿದ್ದು. "ಮೂಲೆಯಲ್ಲಿ" ಎಂಬ ಒಂದು ಪದ ಸಣ್ಣಗೆ ಎಚ್ಚರಿಸುತ್ತದೆ, ಅಷ್ಟೇ. ಇಂಥ ಕಡೆ ಊಹೆ ತಪ್ಪಿದರೆ ಬೇಸರ ಬೇಡ.

ನಿಘಂಟು ತೆರೆದಾಗಲೂ ಮೊದಲ ಅರ್ಥವನ್ನೇ ಎತ್ತಿಕೊಂಡು ಬರಬೇಡಿ. ಕನ್ನಡ ಸಾಹಿತ್ಯ ಪರಿಷತ್ತು 8 ಸಂಪುಟಗಳಲ್ಲಿ ತಂದಿರುವ ನಿಘಂಟಿನಲ್ಲಿ ಅರ್ಥದ ಜೊತೆ ಆ ಪದ ಬಂದ ಸಾಲುಗಳನ್ನೂ ಕೊಟ್ಟಿದ್ದಾರೆ. ನಿಮ್ಮ ವಾಕ್ಯಕ್ಕೆ ಹೋಲುವ ಸಾಲು ಯಾವ ಅರ್ಥದ ಕೆಳಗಿದೆ ನೋಡಿ. ಅದನ್ನು ತಂದು ನಿಮ್ಮ ವಾಕ್ಯದಲ್ಲಿ ಕೂರಿಸಿ, ಮತ್ತೆ ಗಟ್ಟಿಯಾಗಿ ಓದಿ.

ಕೊನೆಗೂ ಎರಡು ಅರ್ಥ ಉಳಿದೇ ಉಳಿಯುವ ಸಂದರ್ಭ ಇದೆ. "ಅವರು ನನಗೆ ಉಚಿತ ಸಲಹೆ ಕೊಟ್ಟರು." ಉಚಿತ ಎಂದರೆ ಹಣವಿಲ್ಲದೆ ಸಿಗುವುದು. ಉಚಿತ ಎಂದರೆ ತಕ್ಕದ್ದು, ಸರಿಯಾದದ್ದು. ಈ ವಾಕ್ಯದ ಒಳಗೆ ಎಷ್ಟು ಹುಡುಕಿದರೂ ಯಾವುದು ಎಂದು ತಿಳಿಯುವುದಿಲ್ಲ. ಬಾಲದಿಂದ ಓದಿದರೂ ಇಲ್ಲ, ಪ್ರತ್ಯಯ ನೋಡಿದರೂ ಇಲ್ಲ. ಹಾಗಿರುವಾಗ ಸುಮ್ನೆ ಒಂದನ್ನು ಗಟ್ಟಿ ಮಾಡಿಕೊಳ್ಳಬೇಡಿ. ಪದದ ಮೇಲೆ ಪೆನ್ಸಿಲ್‌ನಿಂದ ಸಣ್ಣ ಚುಕ್ಕೆ ಇಟ್ಟು ಮುಂದೆ ಹೋಗಿ. ಎರಡು ಸಾಲು ಆದ ಮೇಲೆ "ಹಣ ಕೊಡಲು ಹೋದರೆ ಬೇಡ ಎಂದರು" ಎಂದು ಬರಬಹುದು. "ಅವರು ಹೇಳಿದಂತೆ ಮಾಡಿದ್ದಕ್ಕೆ ಕೆಲಸ ಉಳಿಯಿತು" ಎಂದೂ ಬರಬಹುದು. ಬಂದಾಗ ಹಿಂದೆ ಹೋಗಿ ಚುಕ್ಕೆ ಅಳಿಸಿ.